ಜೈಲಿಗೆ ಬುತ್ತಿ

ನನಗೆ ಮರೆವು ಅಂತ ನಗಬೇಡ್ರೋ, ಬೆಳಿಗ್ಗೆ ಆಸ್ಪತ್ರೆ ಬೆಂಚಲ್ಲಿ ಕೇಳಿದ್ದನ್ನ ಹಾಗೇ ಹೇಳ್ತಿದ್ದೀನಿ. ಪಕ್ಕದಲ್ಲಿ ಬಟ್ಟೆ ಹೊಲಿಯೋ ಹೆಂಗಸು, ಅವಳ ತಮ್ಮ.

"ಅಕ್ಕಾ, ಜೈಲು ತಪ್ಪಿಸ್ಕೊಂಡು ಪರದೇಶದಲ್ಲಿರೋ ನಮ್ಮ ಆಸ್ಪತ್ರೆ ಹಳೇ ಅಧ್ಯಕ್ಷರ ಶಿಕ್ಷೆ ಮಾಫಿ ಮಾಡಿ ಅಂತ ನಾಳೆ ಸಭೆ. ನೀನು ಮಾತಾಡ್ಬೇಕು."

"ಮಾತಾಡ್ತೀನಿ. ನನ್ನ ಮಗಳ ಹಾರ್ಟ್ ಆಪರೇಷನ್ ಪುಕ್ಕಟೆ ಮಾಡಿಸಿದ ಪುಣ್ಯಾತ್ಮ. ದಿನಾ ನೆನೀತೀನಿ."

"ಹಂಗಾದ್ರೆ ಮಾಫಿ ಕೊಡಿ ಅಂತೀಯಲ್ಲ?"

"ಇಲ್ಲ. ಔಷಧಿ ದುಡ್ಡು ನುಂಗಿದ್ದು ಕೋರ್ಟಲ್ಲಿ ಸಾಬೀತಾಗಿದೆ. ಪಕ್ಕದ ಮಂಚದ ಮಗು ಔಷಧಿ ಇಲ್ದೆ ಹೋಯ್ತು ಕಣೋ."

"ಉಪಕಾರ ಮರೆತ್ಯಾ?"

"ಮರೆತಿಲ್ಲ. ಬರಲಿ, ಜೈಲಲ್ಲಿರಲಿ. ವಾರವಾರ ನಾನೇ ಬುತ್ತಿ ತಗೊಂಡು ಹೋಗ್ತೀನಿ."

"ಸಭೇಲಿ ಹಿಂಗಂದ್ರೆ ಕಲ್ಲು ಬೀಳುತ್ತೆ!"

"ನೀನು ಮುಂದೆ ನಿಂತ್ಕೋ."

ಅಷ್ಟರಲ್ಲಿ ಅವಳ ಮಗಳು ಡಾಕ್ಟರ ಕೋಣೆಯಿಂದ ಓಡ್ತಾ ಬಂದ್ಲು. ಮೂವರೂ ಹೊರಟುಹೋದ್ರು.

ಇದನ್ನ ಆ ಅಧ್ಯಕ್ಷರ ತನಕ ಮುಟ್ಟಿಸ್ರಪ್ಪ, ಬಂದ್ರೆ ಊಟದ ಯೋಚನೆ ಇಲ್ಲ ಅಂತ.