ಸೊಟ್ಟಮೂತಿ ಬಂತಾ?

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನಮ್ಮ ಕಂಪ್ಯೂಟರುಗಳಿಗೆ ಪರಸ್ಪರ ಮಾತು ಕಲಿಸಿದ ಇಂಜಿನಿಯರ್ ಮೇಡಂ ಅವರೇ, ನಕ್ಷೆ ಕಚೇರಿಯಿಂದಲೂ ಫೌಂಡ್ರಿಯಿಂದಲೂ ಬಸ್ಸು ಹಿಡಿದು ಬಂದ ಬಂಧುಗಳೇ, ಜೋಡಣೆ ಶೆಡ್ಡಿನ ನನ್ನ ಗೆಳೆಯರೇ, ಹಿಂದಿನ ಸಾಲಿನಲ್ಲಿ ಈಗಲೇ ನಗುತ್ತಿರುವ ನನ್ನ ಅಕ್ಕನೇ, ಸಭಿಕರೇ,

ಐದು ನಿಮಿಷ ಮಾತಾಡು ಎಂದಿದ್ದಾರೆ. ಮೈಕು ಎಂದರೆ ನನಗೆ ಭಯ. ಫೋನಾದರೆ ಪರವಾಗಿಲ್ಲ.

ನಾವು ನೀರಿನ ಪಂಪು ಮಾಡುವವರು. ನಕ್ಷೆ ಒಂದು ಊರಿನಲ್ಲಿ, ಎರಕ ಇನ್ನೊಂದು ಊರಿನಲ್ಲಿ, ಜೋಡಣೆ ನಮ್ಮಲ್ಲಿ. ಮೂರೂ ಕಡೆ ಕಂಪ್ಯೂಟರ್ ಇತ್ತು. ಇದ್ದು ಏನು ಪ್ರಯೋಜನ? ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಒಂದೊಂದೂ ತನ್ನ ಮೂಲೆಯಲ್ಲಿ ಕೂತಿತ್ತು. ಪಂಪಿನಿಂದ ನೀರು ಹೊರಬರುವ ಬಾಗಿದ ಬಾಯಿಗೆ ನಕ್ಷೆಯವರದು ಒಂದು ಉದ್ದನೆಯ ಸಂಖ್ಯೆ. ಫೌಂಡ್ರಿಯವರೂ ನಾವೂ ಅದನ್ನು ಸೊಟ್ಟಮೂತಿ ಎನ್ನುತ್ತಿದ್ದೆವು. ನಕ್ಷೆ ಬದಲಾದರೆ ಫೌಂಡ್ರಿಗೆ ಗೊತ್ತಿಲ್ಲ, ಫೌಂಡ್ರಿಯಲ್ಲಿ ಅಚ್ಚು ಒಡೆದರೆ ನಮಗೆ ಗೊತ್ತಿಲ್ಲ. ಆಗ ನಮ್ಮ ಕೈ ಹಿಡಿದದ್ದು ಯಾವುದು? ಫೋನು.

ಶೆಡ್ಡಿನ ಫೋನು ಕಂಬದಲ್ಲಿ ನೇತಾಡುತ್ತಿತ್ತು. ಗ್ರೀಸು ಮೆತ್ತಿ ಕಪ್ಪಾಗಿತ್ತು. ಒಂದು ಕಿವಿಗೆ ಅದನ್ನು ಒತ್ತಿ, ಇನ್ನೊಂದು ಕಿವಿಗೆ ಬೆರಳಿಟ್ಟು ಕೂಗಬೇಕು. ಆ ಕಡೆ, ಫೌಂಡ್ರಿಯಿಂದ ಮಾಲು ಕಳಿಸುವ ಮೇಡಂ.

“ಸೊಟ್ಟಮೂತಿ ಬಂತಾ?”

“ಬಂದಿದ್ದೀನಿ ಮೇಡಂ, ಹೇಳಿ.”

“ನೀವಲ್ಲರೀ, ಪಂಪಿಂದು!”

ವರ್ಷಗಟ್ಟಲೆ ಇದೇ ಜೋಕು. ಹಳೆಯದಾಗಲಿಲ್ಲ. ಅವರ ಹಿಂದೆ ಕುಲುಮೆಯ ಸದ್ದು, ನನ್ನ ಹಿಂದೆ ಸುತ್ತಿಗೆಯ ಸದ್ದು. ಅವರಿಗೆ ನೆಗಡಿಯಾದರೆ ನನಗೆ ಮೊದಲು ತಿಳಿಯುತ್ತಿತ್ತು. ಅಮ್ಮ ತೀರಿಕೊಂಡು ನಾನು ಕೆಲಸಕ್ಕೆ ಮರಳಿದ ದಿನ ಅವರು ಸೊಟ್ಟಮೂತಿಯ ಮಾತೆತ್ತಲಿಲ್ಲ. “ಊಟ ಆಯ್ತಾ?” ಎಂದರು. ಅಷ್ಟೇ. ಅವರ ಮುಖ ನಾನು ನೋಡಿದವನಲ್ಲ.

ಅಕ್ಕ ಕೇಳುತ್ತಾಳೆ, “ಲೋ, ಫೋನ್ ಮಾಡೋಕೆ ಯಾಕೋ ಗಡ್ಡ ಬೋಳಿಸ್ತೀಯಾ?” ಸಭಿಕರೇ, ಶೆಡ್ಡಿನಲ್ಲಿ ಶಿಸ್ತು ಮುಖ್ಯ.

ಕಳೆದ ವರ್ಷ ಮೂರೂ ವ್ಯವಸ್ಥೆಗಳು ಒಂದಾದವು. ಯಾವುದನ್ನೂ ಕಿತ್ತೆಸೆಯಲಿಲ್ಲ, ನಡುವೆ ಒಬ್ಬ ದುಭಾಷಿಯನ್ನು ಕೂರಿಸಿದರು. ದುಭಾಷಿ ಎಂದರೆ ಮನುಷ್ಯನಲ್ಲ, ಅದೂ ಒಂದು ಪ್ರೋಗ್ರಾಮೇ. ಈಗ ನಕ್ಷೆಯಲ್ಲಿ ಒಂದು ಗೆರೆ ಸರಿದರೆ ಫೌಂಡ್ರಿಗೆ ಕೂಡಲೇ ಗೊತ್ತು. ಎರಕ ಹೊರಟರೆ ನಮ್ಮ ಪರದೆಗೆ ಗೊತ್ತು. ಹಳೆಯ ಅಳತೆಯ ಭಾಗ ಬಂದು ತಲೆ ಚಚ್ಚಿಕೊಳ್ಳುವುದು ತಪ್ಪಿತು. ಒಳ್ಳೆಯದೇ ಆಯಿತು. ಒಳ್ಳೆಯದೇ. ಕಂಬದ ಫೋನು ಮಾತ್ರ ಹೆಚ್ಚುಕಡಿಮೆ ಮೂಕವಾಯಿತು.

ಹೆಚ್ಚುಕಡಿಮೆ ಎಂದೆ. ಏಕೆಂದರೆ ಸೊಟ್ಟಮೂತಿ ಮಾತ್ರ ಪ್ರತಿಸಲವೂ ಪರದೆಯಲ್ಲಿ ನಿಲ್ಲುತ್ತಿತ್ತು. ‘ಹೆಸರು ಹೊಂದುತ್ತಿಲ್ಲ. ಫೋನ್ ಮಾಡಿ ವಿಚಾರಿಸಿ.’ ನಾನು ವಿಚಾರಿಸುತ್ತಿದ್ದೆ. “ಮತ್ತೆ ನಿಂತಿತಾ? ಹಾಳಾದ್ದು!” ಎಂದು ಮೇಡಂ ನಗುತ್ತಿದ್ದರು. ಯಂತ್ರಕ್ಕೆ ಬೈಯುತ್ತ ಅಷ್ಟು ಖುಷಿಪಡುವವರನ್ನು ನಾನು ಬೇರೆ ಕಂಡಿಲ್ಲ.

ಈ ಬೆಳಿಗ್ಗೆ ಕಾಫಿ ಕುಡಿಯುವಾಗ ಇಂಜಿನಿಯರ್ ಮೇಡಂ ಕಾರಣ ಹೇಳಿದರು. ನಮ್ಮ ಕಂಪ್ಯೂಟರಿನಲ್ಲಿ ಸೊಟ್ಟಮೂತಿ ಒಂದೇ ಪದ. ಫೌಂಡ್ರಿಯಲ್ಲಿ ಸೊಟ್ಟ ಬೇರೆ, ಮೂತಿ ಬೇರೆ, ನಡುವೆ ಖಾಲಿ ಜಾಗ. ಆ ಜಾಗವೂ ಕಂಪ್ಯೂಟರಿಗೆ ಒಂದು ಅಕ್ಷರವೇ ಅಂತೆ. “ಮೊದಲ ತಿಂಗಳೇ ತೆಗೀತೀನಿ ಅಂದೆ ಸಾರ್. ‘ನಾವು ಬರೆಯೋದೇ ಹೀಗೆ, ಮುಟ್ಟಬೇಡಿ’ ಅಂತ ಫೌಂಡ್ರಿ ಮೇಡಂ ಬಿಡಲೇ ಇಲ್ಲ.”

ನನ್ನ ಕೈಯಲ್ಲಿದ್ದ ಕಾಫಿ ಹಾಗೇ ತಣ್ಣಗಾಯಿತು.

ಇಂಜಿನಿಯರ್ ಮೇಡಂ, ದಯವಿಟ್ಟು ಆ ಜಾಗ ತೆಗೆಯಿರಿ. ನಮ್ಮ ಪಂಪಿಗಾಗಿ ಎಲ್ಲೋ ಯಾರದೋ ನಲ್ಲಿ ಕಾಯುತ್ತಿರುತ್ತದೆ. ನನ್ನ ಫೋನಿಗಾಗಿ ಅದು ಒಣಗುವುದು ನ್ಯಾಯವಲ್ಲ. ತೆಗೆದ ಮೇಲೆ ಫೋನ್ ಮಾಡಲು ನನಗೆ ಕಾರಣ ಉಳಿಯುವುದಿಲ್ಲ. ಕಾರಣವಿಲ್ಲದೆ ಮಾಡಬಹುದೇ? ಇದನ್ನು ಯಾವ ಪರದೆಯನ್ನು ಕೇಳಲಿ?

ಫೌಂಡ್ರಿಯ ಬಂಧುಗಳು ಎಡಗಡೆ ಕುಳಿತಿದ್ದೀರಿ. ನಿಮ್ಮಲ್ಲಿ ಆ ಮೇಡಂ ಯಾರೆಂದು ನನಗೆ ತಿಳಿಯದು. ಸಭೆ ಮುಗಿದ ಮೇಲೆ ಬಾಗಿಲ ಬಳಿ ನಿಂತಿರುತ್ತೇನೆ. ಗಡ್ಡ ಬೋಳಿಸಿದ್ದೇನೆ. ಯಾರಾದರೂ ಬಂದು “ಸೊಟ್ಟಮೂತಿ ಬಂತಾ?” ಎಂದರೆ ಸಾಕು. “ಬಂದಿದ್ದೀನಿ, ಹೇಳಿ” ಎನ್ನುತ್ತೇನೆ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆಗಳು. ಐದು ನಿಮಿಷ ಮೀರಿದ್ದಕ್ಕೆ ಆ ಕಂಬದ ಫೋನೇ ಹೊಣೆ. ನಮಸ್ಕಾರ.