ಮೇಷ್ಟ್ರ ಐಡಿ

ನಗೋದಾದ್ರೆ ಈಗಲೇ ನಕ್ಕುಬಿಡ್ರಿ. ನಡುವೆ ನಕ್ರೆ ಎದ್ದು ಹೋಗ್ತೀನಿ ನಾನು. ಇದು ನಮ್ಮ ಚಿಕ್ಕಮ್ಮನ ಮಗ ತಾರಿಕ್‌ಗೆ ಆದದ್ದು, ಹೋದ ವರ್ಷ, ಹರಿಹರದಾಗ.

ರಾತ್ರಿ ಒಂಬತ್ತು ಗಂಟೆ. ಆಫೀಸಿಗೆ ಬೀಗ ಹಾಕಿ, ದಾವಣಗೆರೆ ಬಸ್ಸು ಹಿಡಿಯಾಕ ಹೊಂಟಿದ್ದ. ಮನೆ ಅಲ್ಲೇ ನಿಟ್ಟುವಳ್ಳ್ಯಾಗಲ್ವಾ. ದಾರ್ಯಾಗ ಒಂದು ಹಾಳುಬಾವಿ. ಕಿರ್ರ್... ಕಿರ್ರ್... ರಾಟೆ ತಿರುಗೋ ಸದ್ದು. ಆ ಬಾವಿಗೆ ರಾಟೆನೇ ಇಲ್ರಿ! ಮ್ಯಾಲೆ ಕಬ್ಬಿಣದ ಜಾಲರಿ ಬಡಿದು ಎಷ್ಟೋ ವರ್ಷ ಆಗೈತೆ. ತಾರಿಕ್ ನಿಂತುಬಿಟ್ಟ.

ಅವನ ತಲೆ ಮೊದಲೇ ಕೆಟ್ಟಿತ್ತು. ಅವನೂ ಶಬ್ಬೀರೂ ಸೇರಿ ಮನೆಮನೆಗೆ ಇಂಟರ್ನೆಟ್ ಲೈನ್ ಕೊಡ್ತಿದ್ರು. ಒಂದೇ ಬೆಂಚಿನಾಗ ಓದಿದೋರು, ಆರು ವರ್ಷದಿಂದ ಪಾಲುದಾರರು. ಆದ್ರೆ ಹದಿನೈದು ದಿನದಿಂದ ಸಂಜೆ ಎಂಟಾಯ್ತು ಅಂದ್ರೆ ಎಲ್ಲಾರ ನೆಟ್ ಬಂದ್. ಸರ್ವರ್ ಓಡ್ತಾನೇ ಐತೆ, ಏನೂ ಕೆಟ್ಟಿಲ್ಲ... ಬಫರ್ ತುಂಬಿರ್ತಾವು. ಬಫರ್ ಅಂದ್ರೆ, ಬಂದ ಡೇಟಾ ಒಂದು ಗಳಿಗೆ ಕೂರೋ ಜಾಗ. ದೋಸೆ ಹೋಟ್ಲಾಗ ತಿಂದೋರು ಏಳದೇ ಇದ್ರೆ ಹೊಸಬರು ಎಲ್ಲಿ ಕೂಡ್ಬೇಕು? ಹಂಗೆ. ತಾರಿಕ್ ಜಾಗ ಹೆಚ್ಚು ಮಾಡಿದ, ಅದೂ ತುಂಬ್ತು. ದಿನಾ ಆಫ್ ಮಾಡಿ ಆನ್ ಮಾಡಿದ, ಗಳಿಗೆಯಾಗ ಮತ್ತೆ ಅದೇ ಹಾಡು. ಜನ ಬೈಕೊಂಡು ಯಾವುದೋ ಹೊಸ ಲೈನಿಗೆ ಹೋಗಾಕ ಹತ್ತಿದ್ರು. ಇನ್ನೊಂದು ವಾರ ಹಿಂಗೇ ಆದ್ರೆ ಅಂಗಡಿ ಮುಚ್ಚೋದೇ.

ಬಫರಿನಾಗ ಏಳದೇ ಯಾರು ಕುಂತಾರೆ ಅಂತ ನೋಡಿದ್ದ. ಎಲ್ಲಾ ಒಂದೇ ಗ್ರಾಹಕರ ಐಡಿ. ಆ ಬಾವಿ ಪಕ್ಕದ ಮನೆ ಪಂಚಾಕ್ಷರಪ್ಪ ಮೇಷ್ಟ್ರದು, ಇವರಿಬ್ಬರಿಗೂ ಪಾಠ ಹೇಳಿದೋರು. ಅವರು ತೀರಿಕೊಂಡು ಇಪ್ಪತ್ತು ದಿನ ಆಗಿತ್ತು.

ತಾರಿಕ್‌ದೊಂದು ಪದ್ಧತಿ. ಯಾವ ಜಾತಿ ಮನೆನೇ ಇರ್ಲಿ, ಸಾವಾದ್ರೆ ನಲವತ್ತು ದಿನ ಆ ಲೈನ್ ಮುಟ್ಟಲ್ಲ. ದೂರದ ಮಕ್ಕಳು ವಿಡಿಯೋ ಕಾಲ್ ಮಾಡಿ ಅಳ್ತಿರ್ತಾರೆ, ಹೆಂಗೆ ಕಟ್ ಮಾಡ್ಲಿ ಅಂತಿದ್ದ. ಆ ಮನ್ಯಾಗ ಯಾವುದೋ ಫೋನ್ ಕೆಟ್ಟಿರ್ಬೇಕು, ಸೂತಕದಾಗ ಹೋಗಿ ಏನು ಕೇಳೋದು ಅಂತ ಸುಮ್ಮನಿದ್ದ ನಮ್ಮ ಹುಚ್ಚ ತಾರಿಕ್.

ಬಾವಿ ಕಡೆಯಿಂದ ಪಿಸುಮಾತು. "ತಾರಿಕ್..."

"ಯಾ... ಯಾರ್ರಿ?"

"ನಾನಲ್ಲಪ್ಪಾ ಅದು."

ದನಿ ಗುರುತು ಸಿಕ್ತು. "ಮೇಷ್ಟ್ರೇ?"

"ನನ್ನ ಹೆಸರಾಗ ಬ್ಯಾರೆಯೋನು ಕುಂತಾನೆ. ನೋಡು..."

ದುಬುಕ್! ಕೊಡ ನೀರಿಗೆ ಬಿದ್ದ ಸದ್ದು. ಆಮೇಲೆ ಏನಿಲ್ಲ.

ಬಿದ್ನೋ ಎದ್ನೋ ಅಂತ ಆಫೀಸಿಗೆ ವಾಪಸ್ ಓಡಿದ. ಆ ಐಡಿ ಯಾವ ರೌಟರಿನಿಂದ ಬರ್ತೈತೆ ಅಂತ ಅವತ್ತು ಮೊದಲ ಸಲ ನಂಬರ್ ತೆಗೆದ. ಮೇಷ್ಟ್ರ ಮನೆದಲ್ಲ. ಶಬ್ಬೀರ್ ಹೊಸ ಮನೆಗೆ ಹೋದಾಗ ಇವನೇ ಪ್ರೀತಿಯಿಂದ ಕೊಟ್ಟು, ಇವನೇ ಗೋಡೆಗೆ ಬಡಿದು ಬಂದಿದ್ದ ರೌಟರ್! ಅತ್ತ ಕಣ್ರಿ. ಅಷ್ಟುದ್ದ ಗಂಡಸು, ನೆಲದ ಮೇಲೆ ಕುಂತು ಅತ್ತ. ಐಡಿ ಬಂದ್ ಮಾಡಾಕೂ ಕೀಬೋರ್ಡ್ ಮುಟ್ಟಲಿಲ್ಲ. ಬೀಗ ಜಡಿದು ಸೀದಾ ಶಬ್ಬೀರ್ ಮನೆಗೆ ಹೋದ.

"ಮೇಷ್ಟ್ರ ಐಡಿ ನಿನ್ನ ಮನ್ಯಾಗ ಯಾಕೋ?"

ಶಬ್ಬೀರ್ ಹಿಂದಿನ ಬಾಗಿಲು ಎಳ್ಕೊಂಡ.

"ನಮ್ಮ ಜನ ಹೋಗ್ತಿರೋ ಆ ಹೊಸ ಲೈನ್... ನಿಂದಾ?"

"ಹೂಂ."

"ನಲವತ್ತು ದಿನ ನಾನು ಮುಟ್ಟಲ್ಲ ಅಂತ ಗೊತ್ತಿತ್ತಲ್ಲೋ ನಿನಗೆ."

"ಗೊತ್ತಿತ್ತು. ಅದಕ್ಕೇ..." ಅಂದು ತಲೆ ತಗ್ಗಿಸಿದ. "ಯಾರು ಹೇಳಿದ್ರು ನಿನಗೆ?"

"ಮೇಷ್ಟ್ರು."

ನಗ್ತಾನೆ ಅಂದ್ಕೊಂಡಿದ್ದ ತಾರಿಕ್. ಅವನು ನಗಲಿಲ್ಲ.

"ನನ್ನ ಹತ್ರನೂ ಬಂದಿದ್ರು," ಅಂದ ಮೆಲ್ಲಗೆ. "ಮೂರು ಸಲ. ಬ್ಯಾಡ ಅಂದ್ರು."

ಕೇಳಿದ್ರಾ? ಸತ್ತೋರು ಎದ್ದು ಬಂದು ಬ್ಯಾಡ ಅಂದ್ರೂ ಬಿಡಲಿಲ್ಲ, ಹರಾಮ್‌ಖೋರ! ನಮ್ಮನೆ ಈದಿಗೆ ಮೊದಲ ತಟ್ಟೆ ಅವನಿಗೇ ಹಾಕ್ತಿದ್ವಿ. ದೆವ್ವಕ್ಕಿಂತ ಆ ಮಾತು ನೆನೆಸಿಕೊಂಡ್ರೇ ನನಗೆ ಮೈ ಉರಿತೈತೆ. ತಾರಿಕ್ ಇವತ್ತಿಗೂ ಅವನ ಹೆಸರು ಎತ್ತಲ್ಲ.

ಐಡಿ ಬಂದ್ ಮಾಡಾಕ ಅಂತ ತಾರಿಕ್ ತಿರುಗಿ ಆಫೀಸಿಗೆ ಬಂದ. ಬೀಗ ಹಾಕಿದ್ದು ಹಾಕಿದಂಗೇ ಇತ್ತು. ಒಳಗೆ ಬಫರ್ ಎಲ್ಲಾ ಖಾಲಿ, ನೆಟ್ ಓಡ್ತೈತೆ. ಐಡಿ ಆಗಲೇ ಬಂದ್ ಆಗೈತೆ, ಒಂಬತ್ತು ಐವತ್ತೆರಡಕ್ಕೆ. ಪಾಸ್‌ವರ್ಡ್ ಗೊತ್ತಿದ್ದದ್ದು ಇಬ್ಬರಿಗೇ. ಆ ಹೊತ್ತಿಗೆ ಇಬ್ಬರೂ ಶಬ್ಬೀರ್ ಮನೆ ಬಾಗಿಲಾಗ ಎದುರುಬದುರು ನಿಂತಿದ್ರು.

ಸುಳ್ಳಲ್ರಿ, ಖುದಾ ಕಸಂ, ಮರುದಿನ ಆ ಸ್ಕ್ರೀನ್ ನಾನೇ ನೋಡೀನಿ. ಬಂದ್ ಮಾಡುವಾಗ ಕಾರಣ ಬರೀಬೇಕು, ಬರೆಯದಿದ್ರೆ ಅದು ಬಂದ್ ಆಗಲ್ಲ. ಅಲ್ಲಿ ಬರೆದಿತ್ತು: ಗ್ರಾಹಕರೇ ಕೇಳಿಕೊಂಡಿದ್ದಾರೆ.