ಬೆಣ್ಣೆಗಾಲು

ಕರೆಯುವ ಹೆಸರು: ಬ್ರೇಕ್ ಮೇಸ್ತ್ರಿ. ವಯಸ್ಸು: 52. ಕಸುಬು: ಲಾರಿ ರಿಪೇರಿ. ವಾಸ: ಲಾರಿ ತೂಗುವ ತೂಕದ ಕಟ್ಟೆಗೆ ಇಳಿಯುವ ರಸ್ತೆಯ ಮೇಲ್ತುದಿಯಲ್ಲಿರುವ ಶೆಡ್ಡಿನ ಹಿಂದಿನ ಮನೆ.

ನಾನು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಅಪಘಾತದಲ್ಲಿ ತೀರಿಕೊಂಡ ಲಾರಿ ಚಾಲಕನು ನನ್ನ ತಂಗಿಯ ಗಂಡ. ಅವಳು ನನ್ನ ಮಾತು ಮೀರಿ ಅವನನ್ನು ಮದುವೆಯಾದ ಹನ್ನೊಂದು ವರ್ಷದಿಂದ ಅವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇಳಿಜಾರಿನಲ್ಲಿ ಎರಡನೇ ಗೇರಿಗಿಂತ ಮೇಲೆ ಹೋಗದವನೆಂದು ಅವನಿಗೆ 'ಬೆಣ್ಣೆಗಾಲು' ಎಂಬ ಅಡ್ಡಹೆಸರು ಇಟ್ಟವನೂ ನಾನೇ.

ನಿನ್ನೆ ಬೆಳಿಗ್ಗೆ 9.10ಕ್ಕೆ ಅವನು ಜಲ್ಲಿ ತುಂಬಿದ, ಇಪ್ಪತ್ತಾರು ವರ್ಷ ಹಳೆಯ ಲಾರಿಯನ್ನು ಶೆಡ್ಡಿಗೆ ತಂದು, ಬ್ರೇಕ್ ಪೆಡಲ್ ಮೆತ್ತಗಿದೆ ಎಂದು ತಿಳಿಸಿದನು. ನಾನು ಎಲ್ಲ ಚಕ್ರಗಳನ್ನೂ ನೋಡಿದೆನು. ಎಲ್ಲಿಯೂ ಬ್ರೇಕ್ ಎಣ್ಣೆ ಸೋರಿರಲಿಲ್ಲ. ಪೈಪಿನಲ್ಲಿ ಗಾಳಿ ಸೇರಿದೆ ಎಂದು ತೀರ್ಮಾನಿಸಿದೆನು.

ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬ ಪೆಡಲ್ ಮೇಲೆ, ಇನ್ನೊಬ್ಬ ಚಕ್ರದ ಬಳಿ. ನಮ್ಮಲ್ಲಿ ಮಾತು ಮೂರೇ: ಒತ್ತು, ಹಿಡಿ, ಬಿಡು. ಕೆಳಗಿನವನು 'ಬಿಡು' ಎನ್ನುವ ತನಕ ಮೇಲಿನವನು ಕಾಲು ತೆಗೆಯುವಂತಿಲ್ಲ. ಅವನನ್ನೇ ಪೆಡಲ್ ಮೇಲೆ ಕೂರಿಸಿದೆನು. 10.05ಕ್ಕೆ ಕೆಲಸ ಮುಗಿದು ಚಕ್ರದ ಬಳಿ ಗಾಳಿ ಬಿಡುವ ಕೊನೆಯ ನಿಪ್ಪಲ್ ಬಿಗಿ ಮಾಡಿದೆನು. ಬಳಿಕ 'ಹಿಡಿ' ಎಂದವನು 'ಬಿಡು' ಎನ್ನದೆ ಶೆಡ್ಡಿನ ಮೂಲೆಗೆ ಟೀ ಕುಡಿಯಲು ಹೋದೆನು. ಬೇಕೆಂದೇ ಹೋದೆನು.

ಸುಮಾರು ಆರು ನಿಮಿಷದ ಬಳಿಕ ಅವನು ಕೂಗಿದನು: "ಭಾವಾ, ಹಿಡ್ಕೊಂಡೇ ಇದೀನಿ, ಆದ್ರೂ ಕೆಳಗೆ ಹೋಗ್ತಾ ಇದೆ. ತಳಕ್ಕೇ ತಾಗ್ತು."

"ಕೆಳಗೆ ಹೋಗ್ತಿರೋದು ಪೆಡಲ್ ಅಲ್ಲ ಕಣೋ, ನಿನ್ನ ಕಾಲು. ನನ್ನ ತಂಗೀನ ಕರೀಲಾ? ಅವಳಾದ್ರೂ ಗಟ್ಟಿಯಾಗಿ ಹಿಡೀತಾಳೆ" ಎಂದೆನು. ಶೆಡ್ಡಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕನು. ಅವನ ಕಿವಿ ಕೆಂಪಾಗಿತ್ತು.

ಎಲ್ಲ ನಿಪ್ಪಲ್ ಬಿಗಿಯಾಗಿದ್ದು, ಒತ್ತಿ ಹಿಡಿದ ಪೆಡಲ್ ತಾನಾಗಿ ಇಳಿದರೆ ಎಣ್ಣೆಯನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗಿದೆ ಎಂದು ಅರ್ಥ. ಆಗ ಹೊರಗೆ ಒಂದು ಹನಿಯೂ ಸೋರುವುದಿಲ್ಲ. ಇದನ್ನು ಕಂಡುಹಿಡಿಯಲು ಪೆಡಲ್ ಹಿಡಿದು ಕೂರುವುದೇ ದಾರಿ ಎಂದು ಮೂವತ್ತು ವರ್ಷದಿಂದ ಬೇರೆಯವರಿಗೆ ಹೇಳಿಕೊಟ್ಟವನು ನಾನು. ನಿನ್ನೆ ಅದನ್ನೇ ಗೇಲಿಗಾಗಿ ಮಾಡಿಸಿದೆನು. ಅವನು ಉತ್ತರ ಕೂಗಿ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

10.20ಕ್ಕೆ ನಾನೇ ಹತ್ತಿ ಪೆಡಲನ್ನು ಮೂರು ಸಲ ಬೇಗ ಬೇಗ ತುಳಿದು ಗಟ್ಟಿ ಮಾಡಿ ತೋರಿಸಿದೆನು. ಹಾಗೆ ತುಳಿದರೆ ರಬ್ಬರ್ ಹೋಗಿದ್ದರೂ ಪೆಡಲ್ ಸ್ವಲ್ಪ ಹೊತ್ತು ಗಟ್ಟಿಯಾಗುತ್ತದೆ. ಮಾಸ್ಟರ್ ಸಿಲಿಂಡರ್ ಒಮ್ಮೆ ಬಿಚ್ಚಿ ನೋಡಿ ಎಂದು ಅವನು ಕೇಳಿಕೊಂಡನು. ಈ ಸಲವೂ ಎರಡನೇ ಗೇರಿನಲ್ಲಿ ಇಳಿದರೆ ನನ್ನ ಮನೆ ಹೊಸ್ತಿಲು ತುಳಿಯಬೇಡ ಎಂದು ಎಲ್ಲರೆದುರು ಹೇಳಿ ಕಳಿಸಿದೆನು. ಎರಡನೇ ಗೇರಿನಲ್ಲಿ ಇಂಜಿನ್ನೇ ಲಾರಿಯನ್ನು ಹಿಡಿದಿಡುತ್ತದೆ. ಅವನು ನಾಲ್ಕನೇ ಗೇರಿನಲ್ಲಿ ಇಳಿದನು. 380 ಮೀಟರ್ ಕೆಳಗೆ ಲಾರಿ ತೂಕದ ಕಟ್ಟೆಯ ಗೋಡೆಗೆ ಗುದ್ದಿತು.

ನಾನು ಓಡಿ ಹೋದಾಗ 10.27. ಸ್ಟೇರಿಂಗ್ ಅವನ ಎದೆಗೆ ಒತ್ತಿಕೊಂಡಿತ್ತು. ಬಲಗಾಲು ಪೆಡಲನ್ನು ತಳದವರೆಗೆ ಒತ್ತಿ ಹಿಡಿದಿತ್ತು. "ಭಾವಾ, ಹಿಡ್ಕೊಂಡಿದೀನಿ" ಎಂದನು. ನಾನು 'ಬಿಡು' ಎಂದೆನು. ಕಾಲು ಸಡಿಲವಾಯಿತು. ಅಲ್ಲೇ ಜೀವ ಹೋಯಿತು.

ಮೇಲಿನದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಟೀ ಕುಡಿಯಲು ಹೋದ ಮಾತು ಇರಲೇಬೇಕೇ ಎಂದು ಬರೆದುಕೊಂಡ ಪೇದೆಯವರು ಕೇಳಿದರು. ಇರಲಿ, ತಂಗಿ ಓದುತ್ತಾಳೆ ಎಂದೆನು.

ಸ್ಥಳ: ಪೊಲೀಸ್ ಠಾಣೆ
ದಿನ: 14ನೇ ತಾರೀಖು, ಬುಧವಾರ, ಬೆಳಿಗ್ಗೆ 11.40
ಸಹಿ: ಬ್ರೇಕ್ ಮೇಸ್ತ್ರಿ